ಓದುಗರ ಪ್ರಶ್ನೆ: ಕೀಬೋರ್ಡ್ ಸ್ವಿಚ್ಚಿಗೆ ಲ್ಯೂಬ್ ಎಷ್ಟು, ಎಲ್ಲಿ, ಯಾವುದು?

ಹೋದ ತಿಂಗಳು ಮೆಕ್ಯಾನಿಕಲ್ ಕೀಬೋರ್ಡ್ (ಪ್ರತಿ ಕೀ ಅಡೀಲೂ ಒಂದೊಂದು ಬಿಡಿ ಸ್ವಿಚ್ ಇರೋದು) ಕೊಳ್ಳೋದರ ಬಗ್ಗೆ ಬರೀತಾ ಕೊನೇಲಿ "ಬೇಕಾದ್ರೆ ಸ್ವಿಚ್ಚಿಗೆ ಲ್ಯೂಬ್ ಹಚ್ಕೋಬಹುದು" ಅಂತ ಒಂದೇ ಒಂದು ಸಾಲು ಬರೆದು ಮುಂದೆ ಹೋಗ್ಬಿಟ್ಟಿದ್ದೆ. ಲ್ಯೂಬ್ ಅಂದ್ರೆ ಉಜ್ಜೋ ಭಾಗಕ್ಕೆ ನುಣುಪಿಗೆ ಅಂತ ಸವರೋ ಗ್ರೀಸ್ ಅಥವಾ ಎಣ್ಣೆ. ಆ ಒಂದು ಸಾಲಿಗೇ ಬಂದ ಪ್ರಶ್ನೆಗಳು ಈ ಸಲ ಪೂರ್ತಿ ಅಂಕಣ ತುಂಬ್ಕೊಂಡಿವೆ, ಹಾಗಾಗಿ ಬೇರೆ ವಿಷಯದ ಪ್ರಶ್ನೆಗಳನ್ನ ಮುಂದಿನ ತಿಂಗಳಿಗೆ ಇಟ್ಕೊಂಡಿದೀನಿ. ನನಗೆ ತುಂಬಾ ಇಷ್ಟದ ಕೆಲಸ ಇದು, ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಟೇಬಲ್ ಮೇಲೆ ಬಿಳೀ ಬಟ್ಟೆ ಹಾಸ್ಕೊಂಡು ಕೂತ್ರೆ ಸಂಜೆ ಕಾಫಿವರೆಗೂ ಎದ್ದೇಳಲ್ಲ, ಹಾಗಾಗಿ ಉತ್ತರ ಒಂದೆರಡು ಕಡೆ ಉದ್ದ ಆಗಿದೆ.

ಪ್ರಶ್ನೆ: 68 ಕೀ ಇರೋ ಕೀಬೋರ್ಡ್ ತಗೊಂಡೆ, ರೆಡ್ ಸ್ವಿಚ್. ಒತ್ತಿದಾಗ ಒಳಗೆ ಏನೋ ಕೆರೆದ ಹಾಗೆ ಅನ್ಸುತ್ತೆ, ಬಿಟ್ಟಾಗ ಟಿಂಗ್ ಅಂತ ಸದ್ದು. ಲ್ಯೂಬ್ ಹಚ್ಚಿದ್ರೆ ನಿಜವಾಗ್ಲೂ ಹೋಗುತ್ತಾ? (ಓದುಗರು, ದಾವಣಗೆರೆ)

ಹೋಗುತ್ತೆ. ಯಾಕೆ ಹೋಗುತ್ತೆ ಅಂತ ಗೊತ್ತಾಗ್ಬೇಕು ಅಂದ್ರೆ ಸ್ವಿಚ್ ಒಳಗೆ ಏನಿದೆ ಅಂತ ನೋಡ್ಬೇಕು. ಜರ್ಮನಿಯ ಚೆರ್ರಿ ಕಂಪನಿಯ ಎಂಎಕ್ಸ್ ಸ್ವಿಚ್ಚಿನ ಮಾದರಿನೇ ಇವತ್ತು ಹೆಚ್ಚುಕಮ್ಮಿ ಎಲ್ಲರೂ ಮಾಡ್ತಿರೋದು, ಗೇಟರಾನ್ ಇರ್ಲಿ ಕೈಲ್ ಇರ್ಲಿ ಒಳಗೆ ಐದೇ ಭಾಗ. ಮೇಲಿನ ಕವಚ, ಕೆಳಗಿನ ಕವಚ, ಮಧ್ಯೆ ಮೇಲೆ ಕೆಳಗೆ ಓಡಾಡೋ ಕಾಂಡ (ಸ್ಟೆಮ್ ಅಂತೀವಿ, ಮೇಲೆ ಪ್ಲಸ್ ಗುರುತಿನ ತರ ಕಾಣೋದು), ಒಂದು ಸ್ಪ್ರಿಂಗು, ಒಂದು ಪಕ್ಕದಲ್ಲಿ ತೆಳು ಲೋಹದ ಎಲೆ. ನೀವು ಕೀ ಒತ್ತಿದಾಗ ಸ್ಟೆಮ್ ಕೆಳಗಿಳಿಯುತ್ತೆ, ಸುಮಾರು 2 ಮಿಲಿಮೀಟರ್ ಇಳಿದಾಗ ಅದರ ಕಾಲುಗಳು ಆ ಲೋಹದ ಎಲೆಯನ್ನ ಬಿಟ್ಟುಕೊಡ್ತವೆ, ಎಲೆ ಹೋಗಿ ಇನ್ನೊಂದು ಲೋಹಕ್ಕೆ ತಾಗುತ್ತೆ, ಅಕ್ಷರ ಬೀಳುತ್ತೆ. ಪೂರ್ತಿ ಇಳಿಯೋದು 4 ಮಿಲಿಮೀಟರ್ ಅಷ್ಟೆ.

ಈ 4 ಮಿಲಿಮೀಟರ್ ದಾರಿಯಲ್ಲಿ ಸ್ಟೆಮ್ಮಿನ ಎರಡೂ ಪಕ್ಕ ಇರೋ ಹಳಿಗಳು ಕೆಳಗಿನ ಕವಚದ ಜಾಡಿನಲ್ಲಿ ಉಜ್ಜಿಕೊಂಡೇ ಹೋಗ್ಬೇಕು, ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್, ಅಚ್ಚಿನಲ್ಲಿ ಎರಕ ಹೊಯ್ದ ಮೇಲ್ಮೈ ಕಣ್ಣಿಗೆ ನುಣ್ಣಗೆ ಕಂಡ್ರೂ ಬೆರಳಿಗೆ ಸ್ಲೇಟಿನ ಮೇಲೆ ಬಳಪ ಎಳೆದ ಹಾಗೆ ಗೊತ್ತಾಗುತ್ತೆ. ಅದೇ ನಿಮ್ಮ ಕೆರೆತ. ಟಿಂಗ್ ಅನ್ನೋದು ಸ್ಪ್ರಿಂಗಿಂದು, ಅದರ ಎರಡು ತುದಿ ಪ್ಲಾಸ್ಟಿಕ್ ಮೇಲೆ ಒಣ ಒಣ ಕೂತಿರೋದ್ರಿಂದ ಕೀ ಬಿಟ್ಟ ತಕ್ಷಣ ತಂಬೂರಿ ತಂತಿ ಮೀಟಿದ ಹಾಗೆ ಕಂಪಿಸುತ್ತೆ. ಉಜ್ಜೋ ಜಾಗದಲ್ಲಿ ತೆಳುವಾಗಿ ಗ್ರೀಸ್ ಬಂದ್ರೆ ಕೆರೆತ ನಿಲ್ಲುತ್ತೆ, ಸ್ಪ್ರಿಂಗಿನ ತುದಿಗೆ ಬಂದ್ರೆ ಕಂಪನ ಅಲ್ಲೇ ಸತ್ತುಹೋಗುತ್ತೆ. ಸದ್ದು ಪೂರ್ತಿ ಇಲ್ಲದ ಹಾಗೆ ಆಗಲ್ಲ, ಸ್ಟೆಮ್ ತಳಕ್ಕೆ ಬಡಿಯೋ ಸದ್ದು ಇದ್ದೇ ಇರುತ್ತೆ, ಆದ್ರೆ ಚಿಲ್ರೆ ಸದ್ದುಗಳೆಲ್ಲ ಕಳೆದು ಗಟ್ಟಿಯಾಗಿ, ಸ್ವಲ್ಪ ತಗ್ಗಿ ಕೇಳುತ್ತೆ. ಒದ್ದೆ ಮಣ್ಣಿನ ಮೇಲೆ ಅಡಿಕೆ ಬಿದ್ದ ಸದ್ದು ಕೇಳಿದೀರಾ, ಅದರ ಹತ್ರ ಹತ್ರ.

ಸ್ಪ್ರಿಂಗಿನ ಭಾರ ಮಾತ್ರ ಬದಲಾಗಲ್ಲ. ಒತ್ತೋಕೆ ಕಷ್ಟ ಅನ್ನೋ ದೂರು ಇದ್ರೆ ಅದಕ್ಕೆ ಬೇರೆ ಸ್ಪ್ರಿಂಗೇ ಹಾಕ್ಬೇಕು.

ಪ್ರಶ್ನೆ: ಕ್ರೈಟಾಕ್ಸ್ ಅಂತ ಎಲ್ಲರೂ ಹೇಳ್ತಾರೆ, ಸಣ್ಣ ಡಬ್ಬಿಗೆ ಅಷ್ಟೊಂದು ದುಡ್ಡು. ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆ ಅಥವಾ ಡಬ್ಲ್ಯೂಡಿ-40 ನಡೆಯಲ್ವಾ? (ಮೈಸೂರು)

ಈ ಪ್ರಶ್ನೆ ಆರು ಜನ ಕೇಳಿದೀರ. ಮೂರೂ ಬೇಡ, ದಯವಿಟ್ಟು ಬೇಡ.

ಕೊಬ್ಬರಿ ಎಣ್ಣೆ ಡಿಸೆಂಬರಲ್ಲಿ ಬಾಟ್ಲಿಯೊಳಗೆ ಬೆಳ್ಳಗೆ ಗಟ್ಟಿಯಾಗೋದು ನಮ್ಮೆಲ್ಲರ ಮನೇಲೂ ನೋಡಿದೀವಿ, ಸುಮಾರು 24 ಡಿಗ್ರಿ ಕೆಳಗೆ ಹೋದ್ರೆ ಅದು ಹೆಪ್ಪುಗಟ್ಟುತ್ತೆ, ಹಾಗಾಗಿ ಮೈಸೂರಿನ ಚಳಿಗಾಲದ ಬೆಳಗ್ಗೆ ನಿಮ್ಮ ಕೀ ಅಂಟಂಟು, ಬೇಸಿಗೇಲಿ ನೀರು ನೀರು, ಆಮೇಲೆ ಕಮಟು ವಾಸನೆ, ಅದಕ್ಕೆ ಧೂಳು. ಹೊಲಿಗೆ ಮೆಷಿನ್ ಎಣ್ಣೆ ಲೋಹಕ್ಕೆ ಮಾಡಿದ್ದು, ತುಂಬಾ ತೆಳು, ಹಚ್ಚಿದ ಕಡೆ ನಿಲ್ಲದೆ ಹರಿದು ಹೋಗಿ ಆ ಲೋಹದ ಎಲೆ ತಾಗೋ ಜಾಗಕ್ಕೆ ಸೇರ್ಕೊಳುತ್ತೆ, ಜೊತೆಗೆ ಪೆಟ್ರೋಲಿಯಂ ಎಣ್ಣೆಗಳು ಕೆಲವು ಜಾತಿ ಪ್ಲಾಸ್ಟಿಕ್ಕನ್ನ ದುರ್ಬಲ ಮಾಡ್ತವೆ, ಪಾರದರ್ಶಕ ಪಾಲಿಕಾರ್ಬೊನೇಟ್ ಕವಚ ಇದ್ರಂತೂ ಬೇಡವೇ ಬೇಡ. ಡಬ್ಲ್ಯೂಡಿ-40 ಅನ್ನೋ ಹೆಸರಿನ ಮೊದಲ ಎರಡಕ್ಷರದ ಅರ್ಥನೇ ನೀರು ಹೊರದಬ್ಬೋದು ಅಂತ, ಬಹುಪಾಲು ದ್ರಾವಕ, ಆರಿಹೋಗುತ್ತೆ, ಉಳಿಯೋದು ಅಂಟು.

ಕ್ರೈಟಾಕ್ಸ್ ಅಂದ್ರೆ ಏನು ಅಂತ ಗೊತ್ತಾದ್ರೆ ದುಡ್ಡು ಯಾಕೆ ಅಂತಲೂ ಗೊತ್ತಾಗುತ್ತೆ. ಅದು ಫ್ಲೋರಿನ್ ತುಂಬಿದ ಒಂದು ಕೃತಕ ಎಣ್ಣೆ, ಅದನ್ನ ಗ್ರೀಸ್ ಮಾಡೋಕೆ ಟೆಫ್ಲಾನ್ ಪುಡಿ ಬೆರೆಸಿರ್ತಾರೆ, ನಿಮ್ಮ ನಾನ್‌ಸ್ಟಿಕ್ ತವಾದಲ್ಲಿರೋ ಅದೇ ಟೆಫ್ಲಾನ್, ಅದಕ್ಕೇ ಹಾಲಿನ ಬಣ್ಣ. ಡ್ಯುಪಾಂಟ್ ಕಂಪನಿಯದು, 2015ರಿಂದ ಅದರಿಂದ ಬೇರೆಯಾದ ಕೆಮರ್ಸ್ ಕಂಪನಿ ಮಾಡ್ತಿದೆ. ವಿಮಾನ, ಅಂತರಿಕ್ಷದ ಯಂತ್ರಗಳಿಗೂ ಬಳಸೋ ವಸ್ತು. ಪ್ಲಾಸ್ಟಿಕ್ಕಿಗೆ ಏನೂ ಮಾಡಲ್ಲ, ಆರಲ್ಲ, ಹರಿಯಲ್ಲ. ಕೀಬೋರ್ಡಿಗೆ ಕೇಳ್ಬೇಕಾದ್ದು 205 ಗ್ರೇಡ್ 0, ಅಂಗಡಿಯವರು 205ಜಿ0 ಅಂತಾರೆ. ಗ್ರೇಡ್ 2 ಅಂತಲೂ ಸಿಗುತ್ತೆ, ಅದು ಜಾಸ್ತಿ ಗಟ್ಟಿ, ಸ್ವಿಚ್ಚಿಗೆ ಬೇಡ. ದೊಡ್ಡ ಟ್ಯೂಬ್ ತಗೋಬೇಡಿ, 5 ಎಂಎಲ್ ಡಬ್ಬಿ ಸಾಕು, ಮೂರ್ನಾಲ್ಕು ಕೀಬೋರ್ಡಿಗೆ ಆರಾಮಾಗಿ ಆಗುತ್ತೆ, ನಾವು ನಾಲ್ಕು ಜನ ಗೆಳೆಯರು ಸೇರಿ ಒಂದು ಡಬ್ಬಿ ತಗೊಂಡು ಹಂಚ್ಕೊಂಡಿದ್ವಿ, ನೀವೂ ಹಾಗೆ ಮಾಡಿ.

ಒಂದು ಎಚ್ಚರಿಕೆ ಇದೆ, ಯಾರೂ ಹೇಳಲ್ಲ. ಇದನ್ನ ಹಚ್ಚುವಾಗ ಬೀಡಿ ಸಿಗರೇಟ್ ಸೇದಬೇಡಿ, ಬೆರಳಿಂದ ಸಿಗರೇಟಿಗೆ ಅಂಟಿ ಉರಿದ್ರೆ ಬರೋ ಹೊಗೆ ವಿಷ. ಕೈ ತೊಳ್ಕೊಂಡೇ ಊಟಕ್ಕೆ ಕೂತ್ಕೊಳ್ಳಿ. ಒರೆಸಿದ ಟಿಶ್ಯೂ ಕಸದ ಬುಟ್ಟಿಗೆ ಹಾಕಿ, ಮಿಕ್ಕಿದ್ದನ್ನ ಸಿಂಕಿಗೆ ತೊಳೆದು ಬಿಡಬೇಡಿ, ಮಣ್ಣು ನೀರಲ್ಲಿ ಕರಗಿ ಹೋಗೋ ವಸ್ತು ಅಲ್ಲ ಅದು.

ಪ್ರಶ್ನೆ: ಮೊದಲ ಸಲ ಹಚ್ತಿದೀನಿ, 87 ಕೀ. ಹೇಗೆ, ಎಲ್ಲಿ, ಎಷ್ಟು ಅಂತ ಬಿಡಿಸಿ ಹೇಳಿ. (ಹುಬ್ಬಳ್ಳಿ)

ಮೊದಲು ನಿಮ್ಮ ಕೀಬೋರ್ಡ್ ಹಾಟ್‌ಸ್ವಾಪ್ ಹೌದೋ ಅಲ್ವೋ ನೋಡಿ. ಹಾಟ್‌ಸ್ವಾಪ್ ಆದ್ರೆ ಸ್ವಿಚ್ಚನ್ನ ಇಕ್ಕಳದಂಥ ಪುಲ್ಲರ್‌ನಲ್ಲಿ ಹಿಡಿದು ನೇರಕ್ಕೆ ಎಳೆದ್ರೆ ಬರುತ್ತೆ. ಅಲ್ಲ ಅಂದ್ರೆ ಬೆಸುಗೆ ಬಿಡಿಸ್ಬೇಕು, ಆ ಕೆಲಸ ಕೈಗೆ ಅಭ್ಯಾಸ ಇಲ್ದೋರು ಬೇರೆಯವರ ಹತ್ರ ಮಾಡಿಸಿ.

ಬೇಕಾಗಿರೋದು: ಕೀಕ್ಯಾಪ್ (ಕೀ ಮೇಲಿನ ಅಕ್ಷರದ ಟೋಪಿ) ಪುಲ್ಲರ್, ಸ್ವಿಚ್ ಪುಲ್ಲರ್, ಸ್ವಿಚ್ ಓಪನರ್, ಸೊನ್ನೆ ಅಥವಾ ಎರಡು ಸೊನ್ನೆ ನಂಬರಿನ ಪೇಂಟಿಂಗ್ ಬ್ರಷ್ಷು, ಚಿಮಟ. ಬ್ರಷ್ ಸ್ಟೇಷನರಿ ಅಂಗಡೀಲೇ ಸಿಗುತ್ತೆ, ಕೂದಲು ಉದುರದೇ ಇರೋದು ನೋಡಿ ತಗೊಳ್ಳಿ, ಒಂದು ಕೂದಲು ಸ್ವಿಚ್ ಒಳಗೆ ಉಳಿದ್ರೂ ಬೆರಳಿಗೆ ಗೊತ್ತಾಗುತ್ತೆ. ಓಪನರ್ ತಗೊಳೋಕೆ ಮುಂಚೆ ನಿಮ್ಮ ಸ್ವಿಚ್ಚಿನ ಕವಚಕ್ಕೆ ನಾಲ್ಕು ಕೊಂಡಿ ಇದೆಯೋ ಎರಡೋ ನೋಡಿ, ಚೆರ್ರಿ ತರದ್ದಕ್ಕೆ ನಾಲ್ಕು, ಕೈಲ್ ಬಾಕ್ಸ್ ಸ್ವಿಚ್ಚಿಗೆ ಎರಡು.

ಈಗ ಮುಖ್ಯವಾದ್ದು. 87ನ್ನೂ ಒಟ್ಟಿಗೆ ಬಿಚ್ಚಿ ರಾಶಿ ಹಾಕ್ಬೇಡಿ. ಐದೇ ಐದು ಸ್ವಿಚ್ ಬಿಚ್ಚಿ. ಅದಕ್ಕೆ ಹಚ್ಚಿ, ವಾಪಸ್ ಜೋಡಿಸಿ, ಕೀಬೋರ್ಡಲ್ಲಿ ಹಾಕಿ, ಒಂದು ದಿನ ಟೈಪ್ ಮಾಡಿ ನೋಡಿ. ನಾನು ಮೊದಲನೇ ಕೀಬೋರ್ಡಲ್ಲಿ ಅಷ್ಟೂ ಸ್ವಿಚ್ಚಿಗೆ ಒಂದೇ ರಾತ್ರಿ ಮೆತ್ತಿದ್ದೆ, ಜಾಸ್ತಿ ಹಚ್ಚಿದಷ್ಟೂ ಜಾಸ್ತಿ ನುಣುಪು ಬರುತ್ತೆ ಅನ್ನೋ ಲೆಕ್ಕದಲ್ಲಿ, ಬೆಳಗ್ಗೆ ಎದ್ದು ಟೈಪ್ ಮಾಡಿದ್ರೆ ಪ್ರತಿ ಕೀನೂ ಕೆಸರಲ್ಲಿ ಕಾಲು ಹೂತ ಹಾಗೆ ನಿಧಾನಕ್ಕೆ ಮೇಲೇಳ್ತಿತ್ತು. ಅದನ್ನೆಲ್ಲ ಬಿಚ್ಚಿ ಒರೆಸೋಕೆ ಎರಡು ಭಾನುವಾರ ಹೋಯ್ತು. ಐದು ಸ್ವಿಚ್ಚಲ್ಲಿ ಆ ತಪ್ಪು ಆದ್ರೆ ಹತ್ತು ನಿಮಿಷದಲ್ಲಿ ಸರಿ ಮಾಡ್ಕೋಬಹುದು.

ಎಷ್ಟು ಅನ್ನೋದಕ್ಕೆ ನಮ್ಮ ಅಡುಗೆಮನೇಲೇ ಅಳತೆ ಇದೆ. ದೋಸೆ ಕಾವಲಿಗೆ ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರ್ತಾರಲ್ಲ, ಕಾವಲಿ ಮಿರಿಮಿರಿ ಅನ್ನುತ್ತೆ, ಆದ್ರೆ ಎಣ್ಣೆ ಎಲ್ಲೂ ನಿಂತಿರಲ್ಲ, ಅಷ್ಟು. ಬ್ರಷ್ ತುದಿ ಮಾತ್ರ ಡಬ್ಬಿಗೆ ಅದ್ದಿ, ಅಂಚಿಗೆ ಎರಡೂ ಕಡೆ ಒರೆಸಿ, ಆಮೇಲೆ ಹಚ್ಚಿ. ಬೆಳಕಿಗೆ ಹಿಡಿದ್ರೆ ಹೊಳಪು ಕಾಣ್ಬೇಕು, ಬಿಳಿ ಕಾಣ್ಬಾರ್ದು. ಬಿಳಿ ಕಂಡ್ರೆ ಜಾಸ್ತಿ ಆಯ್ತು ಅಂತ, ಖಾಲಿ ಬ್ರಷ್ಷಲ್ಲಿ ತೆಗೀರಿ.

ಎಲ್ಲಿ ಅಂದ್ರೆ, ಕೆಳಗಿನ ಕವಚದೊಳಗೆ ಸ್ಟೆಮ್ ಜಾರೋ ಎರಡು ಪಕ್ಕದ ಜಾಡುಗಳಿಗೆ ಒಂದೊಂದು ಗೀಟು. ಸ್ಟೆಮ್ಮನ್ನ ಚಿಮಟದಲ್ಲಿ ಹಿಡಿದು ಅದರ ಎರಡು ಪಕ್ಕದ ಹಳಿಗಳಿಗೆ ಒಂದೊಂದು ಸಲ. ಸ್ಟೆಮ್ಮಿನ ಕೆಳಗೆ ಕಡ್ಡಿ ತರ ಇರೋದು ಕವಚದ ತೂತಲ್ಲಿ ಇಳಿಯುತ್ತೆ, ಅದಕ್ಕೂ ತೆಳ್ಳಗೆ. ಸ್ಟೆಮ್ಮಿನ ಮುಂದೆ ಎರಡು ಕಾಲು ಇರ್ತವಲ್ಲ, ಲೋಹದ ಎಲೆ ಕಡೆ ಮುಖ ಮಾಡಿರೋವು, ರೆಡ್, ಯೆಲ್ಲೋ, ಬ್ಲ್ಯಾಕ್ ಅಂಥ ಲೀನಿಯರ್ (ಮಧ್ಯೆ ಉಬ್ಬಿಲ್ಲದೆ ಒಂದೇ ಸಮ ಇಳಿಯೋ) ಸ್ವಿಚ್ ಆದ್ರೆ ಬ್ರಷ್ಷಲ್ಲಿ ಮಿಕ್ಕಿದ್ದನ್ನ ಒಂದು ಸಲ ಸೋಕಿಸಿ ಸಾಕು. ಬ್ರೌನ್ ತರದ ಟ್ಯಾಕ್ಟೈಲ್ ಆದ್ರೆ ಆ ಕಾಲನ್ನ ಮುಟ್ಟಲೇಬೇಡಿ, ಒತ್ತುವಾಗ ಮಧ್ಯದಲ್ಲಿ ಸಿಗೋ ಉಬ್ಬು ಬರೋದೇ ಆ ಕಾಲಿನ ಡುಬ್ಬದಿಂದ, ಅಲ್ಲಿಗೆ ಗ್ರೀಸ್ ಬಿದ್ರೆ ಉಬ್ಬು ಕರಗಿ ಹೋಗುತ್ತೆ. ಟ್ಯಾಕ್ಟೈಲ್‌ಗೆ ಟ್ರೈಬೊಸಿಸ್ 3203 ಅಂತ ಇನ್ನೂ ತೆಳು ಲ್ಯೂಬ್ ಬರುತ್ತೆ, ಕೈ ಭಾರ ಇರೋರಿಗೆ ಅದು ಒಳ್ಳೇದು.

ಲೋಹದ ಎಲೆಗಳು ಒಂದಕ್ಕೊಂದು ತಾಗೋ ಜಾಗಕ್ಕೆ ಯಾವ ಕಾರಣಕ್ಕೂ ಹಚ್ಚಬೇಡಿ. ಈ ಗ್ರೀಸಲ್ಲಿ ಕರೆಂಟ್ ಹರಿಯಲ್ಲ.

ಸ್ಪ್ರಿಂಗಿಗೆ ಒಂದೊಂದಾಗಿ ಹಚ್ತಾ ಕೂತ್ರೆ ಬೇಜಾರು. ಜಿಪ್ ಇರೋ ಪ್ಲಾಸ್ಟಿಕ್ ಕವರಿಗೆ ಅಷ್ಟೂ ಸ್ಪ್ರಿಂಗ್ ಹಾಕಿ, ಕ್ರೈಟಾಕ್ಸ್ 105 ಅಂತ ಎಣ್ಣೆ ರೂಪದ್ದು ಸಿಗುತ್ತೆ ಅದರ ನಾಲ್ಕೈದು ಹನಿ ಬಿಟ್ಟು, ಗಾಳಿ ತುಂಬಿ ಬಾಯಿ ಮುಚ್ಚಿ ಚುರುಮುರಿ ಕಲಸೋ ಹಾಗೆ ಎರಡು ನಿಮಿಷ ಕುಲುಕಿ. 105 ಇಲ್ದಿದ್ರೆ ಸ್ಪ್ರಿಂಗಿನ ಎರಡು ತುದಿಗೆ ಬ್ರಷ್ಷಲ್ಲಿ 205 ಸೋಕಿಸಿ, ಅದೂ ಸರಿ.

ಮುಚ್ಚುವಾಗ ಸ್ಟೆಮ್ಮಿನ ಕಾಲು ಎಲೆಯ ಕಡೆಗೇ ಇರ್ಬೇಕು, ತಿರುಗುಮುರುಗಾಗಿ ಕೂರಿಸಿ ಒತ್ತಿದ್ರೆ ಎಲೆ ಬಗ್ಗುತ್ತೆ. ಕೀಬೋರ್ಡಿಗೆ ವಾಪಸ್ ಹಾಕುವಾಗ ಸ್ವಿಚ್ಚಿನ ಅಡಿಯ ಎರಡು ಪಿನ್ ನೆಟ್ಟಗಿದೆಯಾ ಅಂತ ಪ್ರತಿ ಸಲ ನೋಡಿ. ಸ್ವಿಚ್ಚಿಗೆ ಎರಡು ನಿಮಿಷ ಅಂತ ಹಿಡಿದ್ರೂ 87ಕ್ಕೆ ಮೂರು ಗಂಟೆ ಆಗುತ್ತೆ, ಒಂದೇ ಸಲಕ್ಕೆ ಕೂರಬೇಡಿ, ಕೈ ಸೋತ ಮೇಲೆ ಹಚ್ಚಿದ ಸ್ವಿಚ್ಚು ಮೊದಲಿನ ಹಾಗೆ ಇರಲ್ಲ, ಎಲ್ಲಾ ಕೀ ಒಂದೇ ತರ ಇರೋದರಲ್ಲೇ ಇದರ ಸುಖ ಇರೋದು.

ಪ್ರಶ್ನೆ: ನಾನು ಡಿಟಿಪಿ ಕೆಲಸ ಮಾಡ್ತೀನಿ, ದಿನಾ ಎಂಟು ಗಂಟೆ ಕನ್ನಡ ಟೈಪಿಂಗ್. ಬ್ಲೂ ಸ್ವಿಚ್. ರಾತ್ರಿ ಮಗು ಮಲಗಿದಾಗ ಆ ಟಿಕ್ ಟಿಕ್ ತುಂಬಾ ಜೋರು. ಲ್ಯೂಬ್ ಹಚ್ಚಿದ್ರೆ ಕಮ್ಮಿ ಆಗುತ್ತಾ? (ಬೆಂಗಳೂರು)

ಬ್ಲೂ ಸ್ವಿಚ್ಚಿನ ಸ್ಟೆಮ್ ಎರಡು ತುಂಡಿಂದು ಮೇಡಂ, ನೀಲಿ ತುಂಡಿಗೆ ಬಿಳಿ ಅಂಗಿ ತೊಡಿಸಿದ ಹಾಗೆ ಇರುತ್ತೆ, ಒತ್ತಿದಾಗ ಆ ಬಿಳಿ ಅಂಗಿ ಥಟ್ಟಂತ ಕೆಳಗೆ ಜಾರಿ ಬಡಿಯುತ್ತೆ, ಟಿಕ್ ಅನ್ನೋದು ಅದೇ. ಅದಕ್ಕೆ ಗ್ರೀಸ್ ಹಚ್ಚಿದ್ರೆ ಸದ್ದು ಕಮ್ಮಿ ಆಗೋದಲ್ಲ, ಒಂದು ಕೀ ಟಿಕ್ ಅಂದ್ರೆ ಇನ್ನೊಂದು ಮಂಕಾಗಿ ಒದ್ದೆ ಸದ್ದು ಮಾಡುತ್ತೆ, ಒತ್ತಿದ ಸುಖನೂ ಹೋಗುತ್ತೆ. ಬ್ಲೂಗೆ ಸ್ಪ್ರಿಂಗ್ ತುದಿ ಬಿಟ್ಟು ಬೇರೆ ಏನಕ್ಕೂ ಹಚ್ಚಬೇಡಿ ಅನ್ನೋದೇ ನನ್ನ ಮಾತು.

ನಿಮಗೆ ಬೇಕಾಗಿರೋದು ಬೇರೆ ಸ್ವಿಚ್. ಕೀಬೋರ್ಡ್ ಹಾಟ್‌ಸ್ವಾಪ್ ಆಗಿದ್ರೆ ಸೈಲೆಂಟ್ ಲೀನಿಯರ್ ಅಂತ ಕೇಳಿ ತಗೊಳ್ಳಿ, ಸ್ಟೆಮ್ ಬಡಿಯೋ ಜಾಗದಲ್ಲಿ ಸಣ್ಣ ರಬ್ಬರ್ ದಿಂಬು ಇರುತ್ತೆ, ಪಕ್ಕದ ಕೋಣೆಗೆ ಕೇಳ್ಸಲ್ಲ. ಎಲ್ಲಾ ಒಟ್ಟಿಗೆ ಬದಲಾಯಿಸೋಕೆ ಆಗ್ದಿದ್ರೆ ಜಾಸ್ತಿ ಬಡಿಯೋ ಕೀಗಳಿಂದ ಶುರು ಮಾಡಿ. ಕನ್ನಡದಲ್ಲಿ ಅದು ಯಾವುದು ಅಂತ ನಿಮಗೇ ಗೊತ್ತಿರುತ್ತೆ, ನುಡಿ ತಂತ್ರಾಂಶದ ಕೆ.ಪಿ. ರಾವ್ ಕೀಲಿ ವಿನ್ಯಾಸದಲ್ಲಿ ಪ್ರತಿ ಒತ್ತಕ್ಷರಕ್ಕೂ ಎಫ್ ಒತ್ತಲೇಬೇಕು, 'ಅಕ್ಕ' ಅಂತ ಎರಡಕ್ಷರ ಬರೆಯೋಕೂ ಮಧ್ಯೆ ಒಂದು ಎಫ್, ಇನ್‌ಸ್ಕ್ರಿಪ್ಟ್ ಅನ್ನೋ ಇನ್ನೊಂದು ವಿನ್ಯಾಸ ಬಳಸೋರಿಗೆ ಅದೇ ಕೆಲಸ ಡಿ ಕೀ ಮೇಲೆ ಬೀಳುತ್ತೆ. ಇಂಗ್ಲಿಷ್ ಟೈಪ್ ಮಾಡೋರಿಗೆ ಎಫ್ ಅಷ್ಟೇನೂ ಲೆಕ್ಕಕ್ಕಿಲ್ಲದ ಕೀ, ನಮಗೆ ಅದು ಸ್ಪೇಸ್‌ಬಾರಿನ ತಮ್ಮ. ನನ್ನ ಹಳೇ ಕೀಬೋರ್ಡಲ್ಲೂ ಮೊದಲು ಸವೆದು ಪಳಪಳ ಹೊಳೆದಿದ್ದು ಎಫ್ ಕ್ಯಾಪೇ. ಲೀನಿಯರ್ ಹಾಕಿಸ್ಕೊಂಡ ಮೇಲೆ ಆ ಕೀಗೆ ಮಾತ್ರ ಇನ್ನಷ್ಟು ಗಮನ ಕೊಟ್ಟು ಹಚ್ಚಿ, ದಿನಕ್ಕೆ ಸಾವಿರಗಟ್ಟಲೆ ಸಲ ಒತ್ತೋ ಬೆರಳು ಅದು, ಅದಕ್ಕೆ ಆರಾಮ ಸಿಗ್ಬೇಕು.

ಪ್ರಶ್ನೆ: ಲ್ಯೂಬ್ ಹಚ್ಚಿದ ಮೇಲೆ ಮೂರು ಕೀ ಒಂದೊಂದ್ಸಲ ಅಕ್ಷರನೇ ಬೀಳಿಸಲ್ಲ. ಸ್ಯಾನಿಟೈಸರ್ ಬಿಟ್ಟು ತೊಳೆದೆ, ಸರಿ ಹೋಗ್ಲಿಲ್ಲ. (ಉಡುಪಿ)

ಮೊದಲು ಪಿನ್ ನೋಡಿ. ಹತ್ತರಲ್ಲಿ ಎಂಟು ಸಲ ವಾಪಸ್ ಒತ್ತುವಾಗ ಪಿನ್ ಮಡಚಿಕೊಂಡಿರುತ್ತೆ, ಚಿಮಟದಲ್ಲಿ ನಿಧಾನಕ್ಕೆ ನೆಟ್ಟಗೆ ಮಾಡಿದ್ರೆ ಮುಗೀತು. ಪಿನ್ ಸರಿಯಾಗಿದ್ರೆ ಗ್ರೀಸ್ ಎಲೆಯ ಸಂದಿಗೆ ಹೋಗಿದೆ. ಈ ಗ್ರೀಸು ಸ್ಪಿರಿಟ್ಟಿಗಾಗಲಿ ಸ್ಯಾನಿಟೈಸರಿಗಾಗಲಿ ಕರಗಲ್ಲ, ಅದು ಕರಗೋದು ಫ್ಲೋರಿನ್ ಇರೋ ವಿಶೇಷ ದ್ರಾವಕಗಳಲ್ಲಿ ಮಾತ್ರ, ಹಾಗಾಗಿ ತೊಳೆದು ಪ್ರಯೋಜನ ಇಲ್ಲ, ಒರೆಸಿಯೇ ತೆಗೀಬೇಕು. ಸ್ವಿಚ್ ಬಿಚ್ಚಿ, ಸ್ಟೆಮ್ ಸ್ಪ್ರಿಂಗ್ ತೆಗೆದಿಟ್ಟು, ದಪ್ಪ ಕಾಗದದ ಒಂದು ಚೂಪು ಪಟ್ಟಿ ಕತ್ತರಿಸಿ ಎರಡು ಎಲೆಗಳ ಮಧ್ಯೆ ತೂರಿಸಿ ಮೆಲ್ಲಗೆ ಎಳೀರಿ, ಪಟ್ಟಿ ಬದಲಾಯಿಸಿ ಮೂರ್ನಾಲ್ಕು ಸಲ. ಒತ್ತಿ ತಿಕ್ಕಬೇಡಿ, ಎಲೆ ಬಗ್ಗಿದ್ರೆ ಆ ಸ್ವಿಚ್ ಆಸೆ ಬಿಡ್ಬೇಕು. ಎಷ್ಟು ಮಾಡಿದ್ರೂ ಬರ್ಲಿಲ್ಲ ಅಂದ್ರೆ ಕೀಬೋರ್ಡ್ ಜೊತೆ ಕೊಟ್ಟಿರೋ ಒಂದೆರಡು ಬಿಡಿ ಸ್ವಿಚ್ ಇದ್ರೆ ಅದನ್ನ ಹಾಕಿ, ಇಲ್ದಿದ್ರೆ ಯಾವತ್ತೂ ಒತ್ತದ ಸ್ಕ್ರಾಲ್ ಲಾಕ್ ಕೀಯಿಂದ ತೆಗೆದು ಹಾಕಿ.

ಪ್ರಶ್ನೆ: ಎಲ್ಲಾ ಕೀ ಚೆನ್ನಾಗಾಯ್ತು, ಸ್ಪೇಸ್‌ಬಾರ್ ಮಾತ್ರ ಇನ್ನೂ ಗಡಗಡ. (ತುಮಕೂರು)

ಅದು ಸ್ವಿಚ್ಚಿನ ತಪ್ಪಲ್ಲ. ಸ್ಪೇಸ್‌ಬಾರ್, ಎಂಟರ್, ಶಿಫ್ಟ್, ಬ್ಯಾಕ್‌ಸ್ಪೇಸ್ ಇಂಥ ಉದ್ದ ಕೀಗಳ ಅಡಿಯಲ್ಲಿ ಸ್ಟೆಬಿಲೈಸರ್ ಅಂತ ಒಂದು ತಂತಿ ಇರುತ್ತೆ, ಒಂದು ಕಡೆ ಒತ್ತಿದ್ರೂ ಎರಡೂ ಕಡೆ ಸಮ ಇಳಿಯಲಿ ಅಂತ. ಗಡಗಡ ಅನ್ನೋದು ಆ ತಂತಿಯ ತುದಿ ಪ್ಲಾಸ್ಟಿಕ್ ಮನೆಯೊಳಗೆ ಅಲ್ಲಾಡೋದು. ತಂತಿ ಬಿಚ್ಚಿ ಗಾಜಿನ ಮೇಲೆ ಮಲಗಿಸಿ ನೋಡಿ, ಎರಡೂ ಕಾಲು ಗಾಜಿಗೆ ತಾಗ್ಬೇಕು, ಒಂದು ಎದ್ದಿದ್ರೆ ತಂತಿ ತಿರುಚಿದೆ, ಕೈಯಲ್ಲೇ ಬಗ್ಗಿಸಿ ಸರಿಮಾಡಿ. ಆಮೇಲೆ ಇಲ್ಲಿ ಮಾತ್ರ ಕೈ ಬಿಚ್ಚಿ ಹಚ್ಚಬಹುದು, ತಂತಿಯ ತುದಿಗೆ ಡೈಎಲೆಕ್ಟ್ರಿಕ್ ಗ್ರೀಸು (ಕರೆಂಟ್ ಹರಿಯದ ಗಟ್ಟಿ ಗ್ರೀಸು) ದಪ್ಪಗೆ ಮೆತ್ತಿ, ಪ್ಲಾಸ್ಟಿಕ್ ಒಳಗೋಡೆಗೆ 205 ತೆಳ್ಳಗೆ. ಇಡೀ ಕೀಬೋರ್ಡಲ್ಲಿ ಇದೊಂದೇ ಮಾಡಿದ್ರೂ ಅರ್ಧ ಸದ್ದು ಹೋಗುತ್ತೆ, ಸ್ವಿಚ್ ಬಿಚ್ಚೋ ಧೈರ್ಯ ಇಲ್ದೋರು ಇಲ್ಲಿಂದಲೇ ಶುರು ಮಾಡಿ.

ಪ್ರಶ್ನೆ: ಲ್ಯಾಪ್‌ಟಾಪ್ ಕೀಬೋರ್ಡಿಗೂ ಹಚ್ಚಬಹುದಾ? (ಹಾಸನ)

ಬೇಡ. ಅದರೊಳಗೆ ರಬ್ಬರ್ ಗುಮ್ಮಟ, ಕತ್ತರಿ ಆಕಾರದ ತೆಳು ಪ್ಲಾಸ್ಟಿಕ್ ಕೊಂಡಿ ಇರೋದು, ಹಚ್ಚೋ ಅಂಥ ಜಾಗನೂ ಇಲ್ಲ, ಬಿಚ್ಚಿದ್ರೆ ಕೊಂಡಿ ಮುರಿಯುತ್ತೆ.

ಪ್ರಶ್ನೆ: ಫ್ಯಾಕ್ಟರಿ ಲ್ಯೂಬ್ ಅಂತ ಬರೆದಿರೋ ಸ್ವಿಚ್ ತಗೊಂಡ್ರೆ ಈ ಕಷ್ಟ ತಪ್ಪುತ್ತಲ್ವಾ? ಕೈಯಲ್ಲಿ ಹಚ್ಚಿದ್ದು ಎಷ್ಟು ವರ್ಷ ಬರುತ್ತೆ? (ಕಲಬುರಗಿ)

ತಪ್ಪುತ್ತೆ, ಈಗ ಬರೋ ಗೇಟರಾನ್ ಮಿಲ್ಕಿ ಯೆಲ್ಲೋ ಪ್ರೊ ಅಂಥದ್ದು ಡಬ್ಬಿಯಿಂದ ತೆಗೆದು ಹಾಗೇ ಹಾಕಿದ್ರೂ ನುಣ್ಣಗಿರುತ್ತೆ, ಹೊಸಬರಿಗೆ ನಾನು ಅದನ್ನೇ ಹೇಳೋದು. ಆದ್ರೆ ಮೆಷಿನ್ ಹಚ್ಚಿದ್ದು ಎಲ್ಲದಕ್ಕೂ ಒಂದೇ ಸಮ ಬಿದ್ದಿರಲ್ಲ, ಹತ್ತರಲ್ಲಿ ಒಂದು ಒಣಗಿರುತ್ತೆ, ಅಂಥ ಕೀಗಳನ್ನ ಒಂದೊಂದಾಗಿ ಕಿವಿ ಹತ್ರ ಹಿಡಿದು ಒತ್ತಿ ಹುಡುಕಿ, ಅವಕ್ಕಷ್ಟೇ ಹಚ್ಚಿ.

ಕಲಬುರಗಿ ಬಿಸಿಲಿಗೆ ಗ್ರೀಸ್ ಕರಗಿ ಇಳಿಯುತ್ತೆ ಅನ್ನೋ ಭಯ ಬೇಡ, 45 ಡಿಗ್ರಿ ಅದಕ್ಕೆ ಏನೂ ಅಲ್ಲ, ಆರೋದೂ ಇಲ್ಲ. ನಿಮ್ಮೂರಲ್ಲಿ ಶತ್ರು ಧೂಳು, ಕೆಲಸ ಮುಗಿದ ಮೇಲೆ ಕೀಬೋರ್ಡ್ ಮೇಲೆ ಒಂದು ಬಟ್ಟೆ ಮುಚ್ಚಿಡಿ. ಎರಡು ವರ್ಷ ಆದ್ಮೇಲೆ ಜಾಸ್ತಿ ಒತ್ತೋ ಒಂದು ಕೀ ಮಾತ್ರ ಬಿಚ್ಚಿ ಬೆಳಕಿಗೆ ಹಿಡೀರಿ. ಹಳಿ ಮೇಲೆ ಹೊಳಪು ಇನ್ನೂ ಇದ್ರೆ ಹಾಗೇ ಮುಚ್ಚಿ ವಾಪಸ್ ಹಾಕಿ, ಬೂದು ಬಣ್ಣಕ್ಕೆ ತಿರುಗಿ ಧೂಳು ಕೂತಿದ್ರೆ ಒರೆಸಿ ಹೊಸದಾಗಿ ಒಂದು ಗೀಟು ಎಳೀರಿ.